ತೆಂಗು ಬಿದ್ದ ದಿಕ್ಕು

ಭರಣಿ ಮಳೆ ಬೇಕು, ಅದಕ್ಕಿಂತ ಮುಂದೆ ಓಡಿಬರುವ ಗಾಳಿ ಬೇಡ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯ ರೈತರು ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ದಿನ ದೂಡುವುದು ಈ ಎರಡರ ನಡುವೆ. ಅಶ್ವಿನಿ ಕೈಕೊಟ್ಟರೂ ಭರಣಿ ಹದವಾಗಿ ಬಿದ್ದರೆ ಹೆಸರು, ಎಳ್ಳು, ಅಲಸಂದೆ ಬಿತ್ತಬಹುದು. ಬೇಸಿಗೆಯಿಡೀ ಬೋರ್‌ವೆಲ್ಲಿನ ಒಂದಿಂಚು ನೀರಿನಲ್ಲಿ ಜೀವ ಹಿಡಿದುಕೊಂಡಿದ್ದ ತೆಂಗಿನ ಬುಡ ತಣಿಯುತ್ತದೆ. ಆ ಮಳೆಯ ಜೊತೆಗೇ, ಹತ್ತು ಹದಿನೈದು ನಿಮಿಷ ಮೊದಲು, ಗಾಳಿ ಬರುತ್ತದೆ. ಮರುದಿನ ಬೆಳಿಗ್ಗೆ ತೋಟಕ್ಕೆ ಹೋದವರಿಗೆ ಅಜ್ಜ ಹಾಕಿದ ಮರ ಅಡ್ಡ ಮಲಗಿರುವುದು ಕಾಣುತ್ತದೆ, ಪಕ್ಕದ ತೋಟದಲ್ಲಿ ಒಂದು ಗರಿಯೂ ಉದುರಿರುವುದಿಲ್ಲ. ‘ನಮ್ಮ ತೋಟವನ್ನೇ ಹುಡುಕಿಕೊಂಡು ಬಂತು’ ಎಂಬ ಮಾತು ಪ್ರತಿ ವರ್ಷವೂ ಒಂದಲ್ಲ ಒಂದು ಊರಿನಲ್ಲಿ ಕೇಳಿಬರುತ್ತದೆ. ಗಾಳಿ ಯಾರನ್ನೂ ಹುಡುಕಿಕೊಂಡು ಬರುವುದಿಲ್ಲ. ಆದರೆ ಒಂದು ತೋಟವನ್ನು ಮುರಿದು ಇನ್ನೊಂದನ್ನು ಬಿಡುವುದಕ್ಕೆ ಅದರೊಳಗೇ ಕಾರಣವಿದೆ. ಆ ಕಾರಣ ಗೊತ್ತಾದರೆ, ಬಿದ್ದ ಮರಗಳ ಬಗ್ಗೆ ನಾವು ಇಂದು ಮಾಡದಿರುವ ಒಂದು ಕೆಲಸ ಎಷ್ಟು ಮುಖ್ಯವೆಂಬುದೂ ಗೊತ್ತಾಗುತ್ತದೆ.

ಈ ಗಾಳಿ ಕಣ್ಣಿಗೇ ಕಾಣಬೇಕೆಂದರೆ ಬೋರನಕಣಿವೆಗೆ ಹೋಗಬೇಕು. ಹುಳಿಯಾರು ಕಡೆ ಸುವರ್ಣಮುಖಿ ನದಿ ಗುಡ್ಡಸಾಲಿನ ನಡುವೆ ದಾರಿ ಮಾಡಿಕೊಂಡು ಹೋಗುವ ಕಿಂಡಿಗೆ 19ನೇ ಶತಮಾನದ ಕೊನೆಯಲ್ಲಿ, ಮೈಸೂರು ಅರಸರ ಕಾಲದಲ್ಲಿ, ಅಡ್ಡಲಾಗಿ ಕಟ್ಟೆ ಕಟ್ಟಿದರು. ಇಷ್ಟಗಲ ಆಕಾಶ, ಅದರ ಕೆಳಗೆ ಇಷ್ಟಗಲ ನೀರು ಒಟ್ಟಿಗೆ ಕಾಣುವ ಜಾಗ ನಮ್ಮ ಬಯಲುಸೀಮೆಯಲ್ಲಿ ಕಡಿಮೆ. ಜಲಾಶಯದಲ್ಲಿ ನೀರಿರುವ ವರ್ಷ, ಮೇ ತಿಂಗಳ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಏರಿಯ ಮೇಲೆ ನಿಂತವರಿಗೆ ದೂರದಲ್ಲಿ ಮೋಡ ಬೆಳೆಯುವುದು ಕಾಣುತ್ತದೆ. ಅದರ ತಲೆ ಮೊದಲು ಗುಂಡಗೆ, ಅಂಚು ಚೊಕ್ಕಟವಾಗಿ ಇರುತ್ತದೆ. ಸ್ವಲ್ಪ ಹೊತ್ತಿಗೆ ತುದಿ ಚಪ್ಪಟೆಯಾಗಿ ಒಂದು ಕಡೆಗೆ ಹರಡಿಕೊಳ್ಳುತ್ತದೆ. ಮೋಡ 12ರಿಂದ 15 ಕಿಲೋಮೀಟರ್ ಎತ್ತರಕ್ಕೆ ಏರಿ, ಇನ್ನು ಮೇಲೆ ಹೋಗಲಾರದೆ ಅಡ್ಡಕ್ಕೆ ಚಾಚಿಕೊಂಡಿದೆ ಎಂಬುದಕ್ಕೆ ಅದು ಗುರುತು. ಆಗ ಕೆಳಗೆ ಒಂದು ಎಲೆಯೂ ಅಲ್ಲಾಡುವುದಿಲ್ಲ, ಸೆಕೆ ತಡೆಯಲಾಗುವುದಿಲ್ಲ.

ಆಮೇಲೆ ನೀರಿನ ಮೇಲೆ ಒಂದು ಗೆರೆ ಮೂಡುತ್ತದೆ. ಗೆರೆಯ ಈಚೆ ನೀರು ನುಣ್ಣಗೆ ಮಿರುಗುತ್ತಿರುತ್ತದೆ, ಆಚೆ ಒರಟಾಗಿ ಕಪ್ಪಾಗಿರುತ್ತದೆ. ಗೆರೆ ನಮ್ಮತ್ತ ನಡೆದು ಬರುತ್ತದೆ, ನಡಿಗೆ ಓಟವಾಗುತ್ತದೆ. ಅದು ದಡ ಮುಟ್ಟಿದ ಕೂಡಲೇ ಮೈಗೆ ತಣ್ಣಗೆ ಹೊಡೆಯುತ್ತದೆ, ದೂಳು ಏಳುತ್ತದೆ, ಕೆಳಗಿನ ತೋಟಗಳಲ್ಲಿ ಗರಿಗಳೆಲ್ಲ ಒಟ್ಟಿಗೆ ಒಂದೇ ಕಡೆಗೆ ತಿರುಗಿಕೊಳ್ಳುತ್ತವೆ. ಅಷ್ಟರಲ್ಲಿ ಒದ್ದೆ ಮಣ್ಣಿನ ವಾಸನೆಯೂ ಬಂದಿರುತ್ತದೆ, ಇಲ್ಲಿ ಇನ್ನೂ ಒಂದು ಹನಿಯೂ ಬಿದ್ದಿರುವುದಿಲ್ಲ. ಆ ವಾಸನೆ ಇನ್ನೆಲ್ಲೋ ಬಿದ್ದ ಮಳೆಯದು, ಅದನ್ನು ಹೊತ್ತು ತಂದ ಗಾಳಿಯೂ ಆ ಮಳೆಯದೇ.

ಗಾಳಿ ಮಳೆಯನ್ನು ತರುತ್ತದೆ ಎಂದು ನಾವು ಹೇಳುತ್ತೇವೆ. ಮುಂಗಾರು ಪೂರ್ವದ ಗುಡುಗು ಮಳೆಯಲ್ಲಿ ನಡೆಯುವುದು ಉಲ್ಟಾ, ಮಳೆಯೇ ಗಾಳಿಯನ್ನು ಹುಟ್ಟಿಸುತ್ತದೆ. ತಿಪಟೂರಿನ ಸುತ್ತಿನ ನೆಲ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಏಪ್ರಿಲ್, ಮೇ ಬಿಸಿಲಿಗೆ ಈ ನೆಲ ಕಾದು, ಅದಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇಳುತ್ತದೆ. ಅರಬ್ಬಿ ಸಮುದ್ರದಿಂದಲೂ ಬಂಗಾಳ ಕೊಲ್ಲಿಯಿಂದಲೂ ತೇವ ಬಂದು ಸೇರುತ್ತದೆ. ವಿದರ್ಭದ ಕಡೆಯಿಂದ ಕರ್ನಾಟಕದ ಒಳನಾಡನ್ನು ಹಾದು ತಮಿಳುನಾಡಿನತ್ತ ಗಾಳಿಯ ತಗ್ಗುಪಟ್ಟಿ ಚಾಚಿದೆ ಎಂಬ ಸಾಲನ್ನು ಆ ದಿನಗಳಲ್ಲಿ ಹವಾಮಾನ ಇಲಾಖೆಯ ವರದಿಯಲ್ಲಿ ಮತ್ತೆ ಮತ್ತೆ ಓದುತ್ತೇವೆ. ಎರಡೂ ಕಡೆಯ ಗಾಳಿ ಒತ್ತರಿಸಿ ಮೇಲೇಳುವ ಪಟ್ಟಿ ಅದು. ಮೇಲೇರಿದ ತೇವ ತಣಿದು ಹನಿಯಾಗುತ್ತದೆ, ಇನ್ನೂ ಮೇಲೆ ಆಲಿಕಲ್ಲಾಗುತ್ತದೆ. ಹನಿಯಾಗುವಾಗ ಬಿಡುಗಡೆಯಾಗುವ ಶಾಖ ಮೋಡವನ್ನು ಮತ್ತಷ್ಟು ಮೇಲಕ್ಕೆ ನೂಕುತ್ತದೆ. ಒಂದು ಹಂತದಲ್ಲಿ ನೀರಿನ ಭಾರ ಹೆಚ್ಚಾಗಿ ಹನಿಗಳು ಕೆಳಕ್ಕೆ ಬೀಳತೊಡಗುತ್ತವೆ, ಬೀಳುವಾಗ ಸುತ್ತಲಿನ ಗಾಳಿಯನ್ನೂ ಎಳೆದುಕೊಳ್ಳುತ್ತವೆ.

ನಮ್ಮ ಸೀಮೆಯ ಬೇಸಿಗೆ ಮೋಡಕ್ಕೆ ವಿಶೇಷ ಶಕ್ತಿ ಬರುವುದು ಇಲ್ಲಿ. ಮೋಡದ ತಳ ಎತ್ತರದಲ್ಲಿರುತ್ತದೆ, ತಳದಿಂದ ನೆಲದವರೆಗೆ ಇರುವುದು ಒಣ ಗಾಳಿ. ಬೀಳುವ ಹನಿಗಳಲ್ಲಿ ಎಷ್ಟೋ ನೆಲ ಮುಟ್ಟುವ ಮೊದಲೇ ಆರಿಹೋಗುತ್ತವೆ. ಹನಿ ಆರುವಾಗ ಸುತ್ತಲಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ, ಗಾಳಿ ತಣ್ಣಗಾಗಿ ತೂಕವಾಗುತ್ತದೆ. ಸುತ್ತಲಿನ ಬಿಸಿ ಗಾಳಿಗಿಂತ ಭಾರವಾದ ಈ ತಂಪು ಗಾಳಿ ರಾಶಿಯಾಗಿ ಕೆಳಕ್ಕೆ ಬೀಳುತ್ತದೆ. ಕೊಡದ ನೀರನ್ನು ಎತ್ತರದಿಂದ ಅಂಗಳಕ್ಕೆ ಸುರಿದರೆ ಅದು ಬಿದ್ದ ಜಾಗದಿಂದ ಸುತ್ತಲೂ ಚಿಮ್ಮಿ ಓಡುತ್ತದಲ್ಲ, ಈ ಗಾಳಿಯೂ ನೆಲಕ್ಕೆ ಬಡಿದು ಹಾಗೆಯೇ ಎಲ್ಲ ದಿಕ್ಕಿಗೂ ಹರಿಯುತ್ತದೆ. ಅದರ ಮುಂಚೂಣಿಯೇ ನಾವು ನೀರಿನ ಮೇಲೆ ಕಂಡ ಗೆರೆ. ಕಣಿವೆ, ತಗ್ಗು ಸಿಕ್ಕಿದ ಕಡೆ ಅದು ಇಕ್ಕಟ್ಟಿನಲ್ಲಿ ನುಗ್ಗಿ ಇನ್ನಷ್ಟು ಜೋರಾಗುತ್ತದೆ.

ಗಾಳಿಯ ವೇಗ ದಿಢೀರನೆ ಸೆಕೆಂಡಿಗೆ ಕನಿಷ್ಠ 8 ಮೀಟರಿನಷ್ಟು ಏರಿ, 11 ಮೀಟರ್ ದಾಟಿ, ಒಂದು ನಿಮಿಷವಾದರೂ ನಿಂತರೆ ಭಾರತೀಯ ಹವಾಮಾನ ಇಲಾಖೆ ಅದನ್ನು ‘ಸ್ಕ್ವಾಲ್’ ಎಂದು ದಾಖಲಿಸುತ್ತದೆ. ಗುಡುಗು ಮಳೆಯ ಗಾಳಿ ಗಂಟೆಗೆ 62ರಿಂದ 87 ಕಿಲೋಮೀಟರ್ ಇದ್ದರೆ ತೀವ್ರ, ಅದಕ್ಕೂ ಮೇಲೆ ಅತಿ ತೀವ್ರ. ಉತ್ತರ ಭಾರತದಲ್ಲಿ 2018ರ ಮೇ 2ರ ರಾತ್ರಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದು ಇದೇ ಜಾತಿಯ ಗಾಳಿ. ಮುಂಬೈನ ಘಾಟ್ಕೋಪರ್‌ನಲ್ಲಿ 2024ರ ಮೇ 13ರಂದು ಪೆಟ್ರೋಲ್ ಬಂಕಿನ ಮೇಲೆ ದೈತ್ಯ ಜಾಹೀರಾತು ಫಲಕ ಉರುಳಿ 17 ಜನ ಸತ್ತದ್ದೂ ಇಂಥ ಗಾಳಿಗೇ. ಅವೆರಡೂ ದೇಶಕ್ಕೆಲ್ಲ ಗೊತ್ತಾದವು. ಹಂದನಕೆರೆಯಲ್ಲೋ ದಂಡಿನಶಿವರದಲ್ಲೋ ನಲವತ್ತು ತೆಂಗು ಉರುಳಿದರೆ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬರುತ್ತದೆ, ಅಲ್ಲಿಗೆ ಮುಗಿಯಿತು.

ಬಿದ್ದ ಮರಗಳನ್ನು ಓದಿ ಗಾಳಿಯ ಸ್ವರೂಪವನ್ನು ಕಂಡುಹಿಡಿದವರು ಜಪಾನಿನಲ್ಲಿ ಹುಟ್ಟಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ತೆತ್ಸುಯಾ ಫುಜಿತಾ. 1945ರಲ್ಲಿ ಅಣುಬಾಂಬ್ ಬಿದ್ದ ನಾಗಾಸಾಕಿಯನ್ನು ಪರಿಶೀಲಿಸಲು ಹೋದಾಗ ಅವರಿಗೆ ಕಂಡದ್ದು ಒಂದು ವಿನ್ಯಾಸ. ಸ್ಫೋಟದ ನೇರ ಕೆಳಗಿನ ಮರಗಳು ನಿಂತಿದ್ದವು, ಸುತ್ತಲಿನವು ಮಾತ್ರ ಕೇಂದ್ರದಿಂದ ಹೊರಮುಖವಾಗಿ ಮಲಗಿದ್ದವು. ಮೂರು ದಶಕದ ನಂತರ, 1974ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸಾಲುಸಾಲಾಗಿ ಸುಂಟರಗಾಳಿ ಎದ್ದಾಗ ವಿಮಾನದಿಂದ ಕಾಡುಗಳನ್ನು ನೋಡುತ್ತಿದ್ದ ಫುಜಿತಾ, ಕೆಲವು ಕಡೆ ಅದೇ ವಿನ್ಯಾಸವನ್ನು ಮತ್ತೆ ಕಂಡರು. ಸುಂಟರಗಾಳಿ ಹಾದಲ್ಲಿ ಮರಗಳು ಸುತ್ತಿ ಒಂದರ ಮೇಲೊಂದು ಅಡ್ಡಾದಿಡ್ಡಿ ಬೀಳುತ್ತವೆ. ಇಲ್ಲಿ ಹಾಗಿರಲಿಲ್ಲ, ಒಂದು ಬಿಂದುವಿನಿಂದ ಹೊರಕ್ಕೆ ಚೆಲ್ಲಿದಂತೆ ಬಿದ್ದಿದ್ದವು. 1975ರ ಜೂನ್ 24ರಂದು ನ್ಯೂಯಾರ್ಕ್‌ನ ಕೆನಡಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ 66ನೇ ಸಂಖ್ಯೆಯ ವಿಮಾನ ಗುಡುಗು ಮಳೆಯಲ್ಲಿ ನೆಲಕ್ಕಪ್ಪಳಿಸಿ 113 ಜನ ಸತ್ತರು. ತನಿಖೆಗೆ ನೆರವಾದ ಫುಜಿತಾ, ಮೋಡದಿಂದ ಕೆಳಕ್ಕೆ ಬಡಿದು ಹರಡುವ ಈ ಗಾಳಿಗೆ ‘ಡೌನ್‌ಬರ್ಸ್ಟ್’ ಎಂದು ಹೆಸರಿಟ್ಟರು. ನಾಲ್ಕು ಕಿಲೋಮೀಟರಿಗಿಂತ ಕಿರಿದಾದದ್ದು ‘ಮೈಕ್ರೊಬರ್ಸ್ಟ್’. ಮೊದಲಿಗೆ ಹಲವು ವಿಜ್ಞಾನಿಗಳು ನಂಬಲಿಲ್ಲ. 1978ರಲ್ಲಿ ಶಿಕಾಗೊ ಬಳಿ, 1982ರಲ್ಲಿ ಡೆನ್ವರ್ ಬಳಿ ರೇಡಾರ್ ಇಟ್ಟು ಅಳೆದ ಮೇಲೆ ನಂಬಿದರು. ಇಂದು ದೊಡ್ಡ ವಿಮಾನಗಳಲ್ಲಿ ಈ ಗಾಳಿಯನ್ನು ಮೊದಲೇ ಗುರುತಿಸುವ ಉಪಕರಣ ಇರುವುದು ಆ ಕೆಲಸದ ಫಲ.

ಪಕ್ಕದ ತೋಟ ಉಳಿದದ್ದೇಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಒಂದೆರಡು ಕಿಲೋಮೀಟರ್ ಅಗಲದ, ಐದು ಹತ್ತು ನಿಮಿಷದ ಹೊಡೆತ ಇದು. ಚಂಡಮಾರುತದ ಹಾಗೆ ಜಿಲ್ಲೆಗಳನ್ನು ಆವರಿಸಿ ಗಂಟೆಗಟ್ಟಲೆ ಬೀಸುವುದಿಲ್ಲ. ನಮ್ಮಲ್ಲಿ ಮೇ ತಿಂಗಳ ಗಾಳಿಗೆಲ್ಲ ಸುಂಟರಗಾಳಿ ಎಂದೇ ಬರೆಯುವ ರೂಢಿಯಿದೆ. ನಿಜವಾದ ಸುಂಟರಗಾಳಿ ಭಾರತದಲ್ಲೂ ಬಂದದ್ದುಂಟು. 1978ರ ಮಾರ್ಚ್ 17ರಂದು ದೆಹಲಿ ವಿಶ್ವವಿದ್ಯಾಲಯದ ಸುತ್ತಮುತ್ತ ಬೀಸಿದ ಸುಂಟರಗಾಳಿಗೆ 28 ಜನ ಬಲಿಯಾದರು. ಆದರೆ ಅದು ಅಪರೂಪ. ತೆಂಗಿನ ಸೀಮೆಯನ್ನು ವರ್ಷ ವರ್ಷ ಮುರಿಯುವುದು ನೆಲಕ್ಕೆ ಬಡಿದು ನೆಟ್ಟಗೆ ಓಡುವ ಗಾಳಿ. ಅಪರೂಪದ್ದು ಎಂದುಕೊಂಡರೆ ಹಣೆಬರಹ ಎಂದು ಸುಮ್ಮನಾಗುತ್ತೇವೆ. ವರ್ಷವೂ ಬರುವುದು ಎಂದು ತಿಳಿದರೆ ಸಿದ್ಧತೆ ಮಾಡಿಕೊಳ್ಳುತ್ತೇವೆ.

ತೆಂಗು ಗಾಳಿಗೆ ಹುಟ್ಟಿದ ಮರ. ಕಡಲ ದಂಡೆಯಲ್ಲಿ ಬೆಳೆದು ಬಂದ ಅದರ ಕಾಂಡ ಬಾಗಬಲ್ಲದು, ಸೀಳಿದ ಗರಿಗಳ ನಡುವೆ ಗಾಳಿ ನುಸುಳಬಲ್ಲದು. ಹಾಗಿದ್ದೂ ಬೀಳುತ್ತದೆ ಎಂದರೆ ಒಂದೊಂದು ಮರಕ್ಕೂ ಒಂದೊಂದು ಕತೆಯಿರುತ್ತದೆ. ಮಾವು, ಹುಣಸೆಗಳ ಹಾಗೆ ತೆಂಗಿಗೆ ತಾಯಿಬೇರಿಲ್ಲ. ಬುಡದ ಗಡ್ಡೆಯಿಂದ ಸಾವಿರಾರು ತೆಳು ಬೇರುಗಳು ಹೊರಟು ಹೆಚ್ಚಿನಂಶ ಬುಡದ ಸುತ್ತಲ ಎರಡು ಮೀಟರ್ ಒಳಗೆ, ಮೇಲಿನ ಒಂದೂವರೆ ಮೀಟರ್ ಮಣ್ಣಿನಲ್ಲೇ ಹರಡಿರುತ್ತವೆ. ಹಿಡಿತವೆಲ್ಲ ಆ ಬೇರುಗಳ ಒಟ್ಟು ಸಂಖ್ಯೆಯಲ್ಲಿದೆ. ಟ್ರ್ಯಾಕ್ಟರಿನಲ್ಲಿ ಬುಡದವರೆಗೂ ಆಳವಾಗಿ ಉಳುವ ತೋಟದಲ್ಲಿ ಪ್ರತಿ ಸಲವೂ ಒಂದಷ್ಟು ಬೇರು ತುಂಡಾಗುತ್ತವೆ. ಹನಿ ನೀರಾವರಿಯ ಪೈಪು ಬುಡದ ಒಂದೇ ಬದಿಗಿದ್ದರೆ ಜೀವಂತ ಬೇರು ಆ ಕಡೆಗೇ ದಟ್ಟವಾಗುತ್ತವೆ. ಅಣಬೆ ರೋಗ ತಗುಲಿದ ಮರದಲ್ಲಿ ಬೇರು ಕೊಳೆತು ಹೋಗಿರುತ್ತವೆ. ಹೊರಗೆ ಗರಿ ಹಸಿರಾಗಿ ಕಂಡರೂ ಒಳಗೆ ಹಿಡಿತ ಸಡಿಲವಾಗಿರುತ್ತದೆ. ಗಾಳಿ ಬಂದಾಗ ಬುಡ ಸಮೇತ ಕಿತ್ತು ಮಲಗುವುದು ಇಂಥವು. ಗಡ್ಡೆಯನ್ನು ತಿರುವಿ ನೋಡಿದರೆ ಒಂದು ಮಗ್ಗುಲಲ್ಲಿ ಬೆಳ್ಳಗೆ, ಕೆಂಪಗೆ ಜೀವವಿರುವ ಬೇರು ಕಿತ್ತುಬಂದಿರುತ್ತವೆ, ಇನ್ನೊಂದು ಮಗ್ಗುಲಲ್ಲಿ ಮುಟ್ಟಿದರೆ ಪುಡಿಯಾಗುವ ಕಂದು ಬೇರು. ಆ ಬುಡವನ್ನು ಎತ್ತಿ ಬಿಸಾಡುವ ಮೊದಲು ಒಮ್ಮೆ ನೋಡಬೇಕು. ನಿಂತಿರುವ ಉಳಿದ ಮರಗಳಿಗೂ ಏನಾಗುತ್ತಿದೆ ಎಂಬುದನ್ನು ಅದು ತೋರಿಸುತ್ತದೆ.

ನಡುವೆ ಮುರಿಯುವ ಮರಗಳ ಕತೆ ಬೇರೆ. ಮಾವಿನ ಕಾಂಡಕ್ಕೆ ಗಾಯವಾದರೆ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತದೆ. ತೆಂಗಿನ ಕಾಂಡಕ್ಕೆ ಆ ಶಕ್ತಿ ಇಲ್ಲ. ಬೇಲಿ ತಂತಿಗೆ ಹೊಡೆದ ಮೊಳೆ, ಬಲ್ಬು ಕಟ್ಟಲು ಬಿಗಿದ ಕಂಬಿ, ಕಾಂಡದಲ್ಲಿ ಕೆಂಗಂದು ರಸ ಸೋರಿದ ಜಾಗ, ಕೆಂಪು ಮೂತಿ ಹುಳ ಕೊರೆದ ತೂತು, ಎಲ್ಲವೂ ಮರ ಬದುಕಿರುವಷ್ಟು ಕಾಲ ಹಾಗೆಯೇ ಉಳಿಯುತ್ತವೆ. ಬರಗಾಲದ ವರ್ಷಗಳಲ್ಲಿ ಬೆಳೆದ ಕಾಂಡದ ಭಾಗ ಸಣ್ಣಗಾಗಿ ಸೊಂಟ ಕಟ್ಟಿದಂತಿರುತ್ತದೆ, ಆಮೇಲೆ ಎಷ್ಟೇ ನೀರು ಗೊಬ್ಬರ ಕೊಟ್ಟರೂ ಆ ಭಾಗ ದಪ್ಪವಾಗುವುದಿಲ್ಲ. ತಿಪಟೂರು ಎತ್ತರ ತಳಿಯ ಹಳೆಯ ಮರ 20 ಮೀಟರ್ ಮೇಲೆ ಮೂವತ್ತಕ್ಕೂ ಹೆಚ್ಚು ಗರಿ, ನಾಲ್ಕೈದು ಗೊನೆ ಹೊತ್ತು ನಿಂತಿರುತ್ತದೆ. ಮೇಲಿನ ಆ ಭಾರವನ್ನು ಗಾಳಿ ಒಂದು ಕಡೆಗೆ ನೂಕಿದಾಗ ಕಾಂಡದ ಯಾವ ಮಟ್ಟ ದುರ್ಬಲವೋ ಅಲ್ಲಿ ಮುರಿಯುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಗಂಟೆಗೆ 50 ಕಿಲೋಮೀಟರ್ ಗಾಳಿಯನ್ನು ನಕ್ಕು ತಡೆದ ಮರ 100 ಕಿಲೋಮೀಟರ್ ಗಾಳಿಗೆ ನಾಲ್ಕು ಪಟ್ಟು ಪೆಟ್ಟು ತಿನ್ನುತ್ತದೆ.

ಮೂರನೆಯ ಬಗೆಯ ಹಾನಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳದ್ದು ಎನಿಸುತ್ತದೆ, ಏಕೆಂದರೆ ಅದು ಗಾಳಿ ಬೀಸಿದ ದಿನ ಕಾಣುವುದೇ ಇಲ್ಲ. ತೆಂಗಿಗೆ ಇರುವುದು ಒಂದೇ ಸುಳಿ, ಇಡೀ ಮರದ ಮುಂದಿನ ಬದುಕು ಆ ಒಂದು ಮೊಳಕೆಯಲ್ಲಿದೆ. ಗಾಳಿ ತಲೆಯನ್ನು ಹಿಡಿದು ತಿರುಚಿದಾಗ ಒಳಗಿನ ಎಳೆ ಭಾಗ ಬಿರುಕು ಬಿಡುತ್ತದೆ. ಮೊದಲೇ ಕುರುವಾಯಿ ದುಂಬಿ ಕೊರೆದಿದ್ದರೆ ಕೇಳುವುದೇ ಬೇಡ. ಹೊರಗಿನ ಗರಿಗಳು ಹಸಿರಾಗಿಯೇ ಇರುತ್ತವೆ. ಬಿರುಕಿಗೆ ಮಳೆ ನೀರು ಇಳಿದು ಕೊಳೆ ಹತ್ತುತ್ತದೆ. ವಾರಗಳು ಕಳೆದ ಮೇಲೆ ನಡುವಿನ ಸುಳಿ ಗರಿ ಮಾತ್ರ ಹಳದಿಯಾಗುತ್ತದೆ. ಮರ ಹತ್ತಿ ಅದನ್ನು ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಬುಡ ಕೊಳೆತು ನಾರುತ್ತಿರುತ್ತದೆ. ಅಷ್ಟು ಹೊತ್ತಿಗೆ ಕಂದಾಯದವರ ಮಹಜರು ಮುಗಿದು ಪಟ್ಟಿ ತಾಲ್ಲೂಕು ಕಚೇರಿ ಸೇರಿರುತ್ತದೆ. ನಿಂತಿರುವ ಮರ ಆ ಪಟ್ಟಿಯಲ್ಲಿಲ್ಲ. ಗಾಳಿಗೆ ಉದುರಿದ ಹರಳುಗಳ ಲೆಕ್ಕವೂ ಇಲ್ಲ. ಹೊಂಬಾಳೆ ಒಡೆದು ಕಾಯಿ ಬಲಿಯಲು 11–12 ತಿಂಗಳು ಬೇಕು, ಹಾಗಾಗಿ ಈ ಮೇ ತಿಂಗಳ ನಷ್ಟ ಮುಂದಿನ ವರ್ಷದ ಕೊಯ್ಲಿನಲ್ಲಿ ಗೊತ್ತಾಗುತ್ತದೆ.

ಅಡಿಕೆ, ಬಾಳೆಯ ವಿಷಯ ಹೆಚ್ಚು ಹೇಳಬೇಕಿಲ್ಲ. ತೆಂಗಿನ ನಡುವೆ ಈಚೆಗೆ ತುಂಬಿಕೊಂಡ ಅಡಿಕೆ ತೆಂಗಿಗಿಂತ ಸಣ್ಣ ಕಾಂಡದ್ದು. ಬಾಳೆಯಂತೂ ತೆಂಗು ಅಲ್ಲಾಡುವ ಮುನ್ನವೇ ಮಲಗಿರುತ್ತದೆ.

ತೋಟಕ್ಕಿಂತ ಕೊಬ್ಬರಿ ಶೆಡ್ಡಿನ ಹಾನಿ ಕೆಲವೊಮ್ಮೆ ದೊಡ್ಡದು. ಉಂಡೆ ಕೊಬ್ಬರಿ ಈ ಸೀಮೆಯ ಬ್ಯಾಂಕು. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹರಡಿ ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷ, ಒಳಗಿನ ನೀರು ತಾನಾಗಿ ಇಂಗುವವರೆಗೆ ಕಾಯುತ್ತಾರೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿ ಅಲ್ಲಾಡಿಸಿದರೆ ಲೊಡಲೊಡ ಸದ್ದು ಬಂದಾಗ ಸುಲಿದು ಒಡೆದು ತಿಪಟೂರಿನ ಎಪಿಎಂಸಿಗೆ ಒಯ್ಯುತ್ತಾರೆ. ಮಗಳ ಮದುವೆ, ಮಗನ ಕಾಲೇಜು ಫೀಸು, ಬೋರ್‌ವೆಲ್ ಸಾಲ ಎಲ್ಲವೂ ಆ ಅಟ್ಟದ ಮೇಲಿರುತ್ತವೆ. ಅದರ ಮೇಲಿನ ಹೊದಿಕೆ ಮಾತ್ರ ಸಾಮಾನ್ಯವಾಗಿ ತಗಡಿನ ಶೀಟು ಅಥವಾ ಸಿಮೆಂಟ್ ಶೀಟು.

ಗಾಳಿ ಶೀಟನ್ನು ನೂಕಿ ಬೀಳಿಸುತ್ತದೆ ಎಂದುಕೊಳ್ಳುತ್ತೇವೆ. ನೂಕುವುದಿಲ್ಲ, ಮೇಲಕ್ಕೆ ಹೀರುತ್ತದೆ. ಛಾವಣಿಯನ್ನು ಏರಿ ದಾಟುವ ಗಾಳಿ ಅಂಚಿನಲ್ಲಿ, ಮೂಲೆಯಲ್ಲಿ, ನೆತ್ತಿಯಲ್ಲಿ ಎಳೆತ ಉಂಟುಮಾಡುತ್ತದೆ. ಬಾಗಿಲು ತೆರೆದಿದ್ದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ಒತ್ತುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಚದರ ಮೀಟರ್ ಮೇಲೆ ಸುಮಾರು 17 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ, 100 ಕಿಲೋಮೀಟರಿಗೆ ಅದು 47 ಕಿಲೋ. ಹತ್ತಡಿ ಉದ್ದ, ಮೂರಡಿ ಅಗಲದ ಒಂದು ಶೀಟಿಗೆ ಲೆಕ್ಕ ಹಾಕಿದರೆ ಅಂಚಿನಲ್ಲಿ 130 ಕಿಲೋ ಮೇಲ್ಮುಖ ಎಳೆತ. ತಗಡಿನ ಶೀಟಿನ ಸ್ವಂತ ತೂಕ ಹದಿನೈದು ಕಿಲೋ ದಾಟುವುದು ಕಷ್ಟ. ಶೀಟಿನ ಮೇಲೆ ನಾವು ಹೇರುವ ಸೈಜುಗಲ್ಲು, ಮರಳು ಚೀಲ ಈ ಎಳೆತಕ್ಕೆ ಏನೂ ಅಲ್ಲ. ಶೀಟು ಎದ್ದಾಗ ಆ ಕಲ್ಲುಗಳೇ ಕೆಳಗಿದ್ದವರ ತಲೆ ಮೇಲೆ ಬೀಳುತ್ತವೆ. ಹಾರಿ ಬಿದ್ದ ಶೀಟನ್ನು ಕೈಯಲ್ಲಿ ಹಿಡಿದು ಹುಕ್ಕಿನ ತೂತುಗಳನ್ನು ನೋಡಬೇಕು. ಎಷ್ಟೋ ಸಲ ಹುಕ್ಕು ಮುರಿದಿರುವುದಿಲ್ಲ. ವರ್ಷಗಟ್ಟಲೆ ಸಣ್ಣ ಗಾಳಿಗೆ ಅದುರಿ ಅದುರಿ ತೂತು ಉದ್ದುದ್ದಕ್ಕೆ ಹಿಗ್ಗಿ, ವಾಷರ್ ಒಳಗೆ ನುಸುಳುವಷ್ಟಾಗಿರುತ್ತದೆ. ದೊಡ್ಡ ಗಾಳಿ ಬಂದ ದಿನ ಶೀಟು ಹುಕ್ಕನ್ನು ಅಲ್ಲೇ ಬಿಟ್ಟು ಎದ್ದುಹೋಗುತ್ತದೆ. ಅಂಚಿನ ಸಾಲುಗಳಲ್ಲಿ ಹುಕ್ಕುಗಳನ್ನು ಹತ್ತಿರ ಹತ್ತಿರ ಹಾಕುವುದು, ಅಗಲ ವಾಷರ್ ಬಳಸುವುದು, ಅಡ್ಡಪಟ್ಟಿಯನ್ನು ಗೋಡೆಗೆ ಕಂಬಿಯಿಂದ ಬಿಗಿಯುವುದು, ಮೋಡ ಕಟ್ಟಿದ ಕೂಡಲೇ ಶೆಡ್ಡಿನ ಬಾಗಿಲು ಹಾಕುವುದು, ಇಷ್ಟಕ್ಕೆ ಆಗುವ ಖರ್ಚು ಅಟ್ಟದ ಮೇಲಿರುವುದರ ಮುಂದೆ ಬಹಳ ಕಡಿಮೆ. ಹತ್ತು ತಿಂಗಳು ಒಣಗಿದ ಕಾಯಿ ಒಂದು ಸಂಜೆ ನೆನೆದರೆ ಬೂಸಲು ಹಿಡಿಯುತ್ತದೆ, ಒಳಗೆ ಕೊಳೆಯುತ್ತದೆ. ತಿರುಗಿ ಒಣಗಿಸಿದರೂ ಆ ದರ್ಜೆ ಬರುವುದಿಲ್ಲ.

ಕರೆಂಟಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ತೆಂಗು ತಂತಿಯ ಮೇಲೆ ಬಿದ್ದರೆ ಒಂದು ಕಂಬಕ್ಕೆ ನಿಲ್ಲುವುದಿಲ್ಲ, ತಂತಿಯ ಬಿಗಿತಕ್ಕೆ ಅಕ್ಕಪಕ್ಕದ ನಾಲ್ಕಾರು ಕಂಬವೂ ವಾಲುತ್ತವೆ. ತುಂಡಾದ ತಂತಿ ಒಣ ನೆಲದ ಮೇಲೆ ಬಿದ್ದಾಗ ಹರಿಯುವ ವಿದ್ಯುತ್ ಕಡಿಮೆಯಿರುವುದರಿಂದ ಸ್ಟೇಷನ್ನಿನಲ್ಲಿ ಲೈನು ತಾನಾಗಿ ಟ್ರಿಪ್ ಆಗದೆ ಉಳಿಯಬಹುದು. ಮನೆಯಲ್ಲಿ ಕರೆಂಟ್ ಹೋಗಿದೆ ಎಂದರೆ ತೋಟದ ತಂತಿಯಲ್ಲೂ ಇಲ್ಲ ಎಂದು ಅರ್ಥವಲ್ಲ. ಕತ್ತಲಲ್ಲಿ ಮರ ನೋಡಲು ಹೋಗಬಾರದು. ಬೆಸ್ಕಾಂನವರು ಬಂದು ಲೈನು ತೆಗೆಯುವವರೆಗೆ ದನ ಬಿಡಬಾರದು.

ಇಷ್ಟೆಲ್ಲ ಹಾನಿ ಮಾಡುವ ಗಾಳಿಗೆ ದಾಖಲೆ ಎಲ್ಲಿದೆ? ಕರ್ನಾಟಕದ ವ್ಯವಸ್ಥೆ ದೇಶದಲ್ಲಿ ಉತ್ತಮವಾದವುಗಳಲ್ಲಿ ಒಂದು ಎಂಬುದನ್ನು ಮೊದಲು ಹೇಳಬೇಕು. 1988ರಲ್ಲಿ ಬರ ಪರಿಶೀಲನಾ ಕೋಶವಾಗಿ ಶುರುವಾಗಿ ಯಲಹಂಕದಲ್ಲಿ ನೆಲೆಯೂರಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿ ಗ್ರಾಮ ಪಂಚಾಯಿತಿಗೂ ಮಳೆಮಾಪಕ, ಹೋಬಳಿ ಮಟ್ಟಕ್ಕೆ ಹವಾಮಾನ ಮಾಪಕ ಇಟ್ಟಿದೆ. ಮಳೆಯ ಲೆಕ್ಕ ಪಂಚಾಯಿತಿವಾರು ಸಿಗುತ್ತದೆ. ಗಾಳಿ ಅಳೆಯುವುದು ಹೋಬಳಿಗೆ ಒಂದು ಕಡೆ. ನೂರಾರು ಚದರ ಕಿಲೋಮೀಟರ್ ಹೋಬಳಿಯ ಒಂದು ಮೂಲೆಯಲ್ಲಿ ಮಾಪಕವಿದ್ದು, ಇನ್ನೊಂದು ಮೂಲೆಯಲ್ಲಿ ಎರಡು ಕಿಲೋಮೀಟರ್ ಅಗಲದ ಹೊಡೆತ ಬಿದ್ದರೆ ಮಾಪಕದಲ್ಲಿ ಸಾಧಾರಣ ಗಾಳಿ ಎಂದೇ ಬರುತ್ತದೆ. ರೇಡಾರಿಗೂ ಮಿತಿಯಿದೆ. ಭೂಮಿ ದುಂಡಗಿರುವುದರಿಂದ ರೇಡಾರಿನ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲೇರುತ್ತದೆ, 200 ಕಿಲೋಮೀಟರ್ ಆಚೆ ಅದರ ಅತಿ ಕೆಳಗಿನ ನೋಟವೇ ಸುಮಾರು 4 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಮೋಡ ಕಾಣುತ್ತದೆ, ನೆಲಕ್ಕೆ ತಾಗಿ ಓಡುವ ಗಾಳಿ ಕಾಣುವುದಿಲ್ಲ.

ಹಾಗಾಗಿ ಈ ಗಾಳಿ ಬಿಟ್ಟುಹೋಗುವ ನಂಬುವಂಥ ದಾಖಲೆ ಒಂದೇ, ಬಿದ್ದ ಮರಗಳು. ಅವನ್ನು ನಾವು ವಾರದೊಳಗೆ ತುಂಡು ಮಾಡಿ ಸಾಮಿಲ್ಲಿಗೋ ಇಟ್ಟಿಗೆ ಗೂಡಿಗೋ ಸಾಗಿಸಿಬಿಡುತ್ತೇವೆ.

ದಾಖಲೆ ಇಲ್ಲದ್ದರ ಪರಿಣಾಮ ಪರಿಹಾರದಲ್ಲಿ ಕಾಣುತ್ತದೆ. ಕೇಂದ್ರ ಸರ್ಕಾರದ ವಿಪತ್ತು ಪಟ್ಟಿಯಲ್ಲಿ ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ ಇವೆ. ಗುಡುಗು ಮಳೆಯ ಬಿರುಗಾಳಿ ಇಲ್ಲ. ಸ್ಥಳೀಯ ವಿಪತ್ತು ಎಂದು ರಾಜ್ಯವೇ ಘೋಷಿಸಿ, ರಾಜ್ಯ ವಿಪತ್ತು ಪರಿಹಾರ ನಿಧಿಯ ಶೇ 10ರವರೆಗೆ ಬಳಸಲು ಅವಕಾಶವಿದೆ. ಅದರಾಚೆಗೂ ತೊಡಕಿದೆ. 2022ರಿಂದ 2026ರವರೆಗಿನ ಮಾನದಂಡದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ, ಶೇ 33ಕ್ಕಿಂತ ಕಡಿಮೆಯಿಲ್ಲದ ಬೆಳೆ ನಷ್ಟವಾಗಿದ್ದರೆ ಮಾತ್ರ. ರಾಜ್ಯ ತನ್ನ ಪಾಲು ಸೇರಿಸಿ ಮೊತ್ತ ಏರಿಸಿದ ವರ್ಷಗಳೂ ಉಂಟು. ಆದರೆ ಮೂವತ್ತಡಿ ಅಂತರದ ತೋಟದಲ್ಲಿ ಎಕರೆಗೆ 48 ಮರ. ಆರು ಮರ ಬಿದ್ದರೆ ನಷ್ಟ ಶೇ 12.5. ಮಾನದಂಡದ ಕಣ್ಣಿಗೆ ಅದು ನಷ್ಟವೇ ಅಲ್ಲ. ಅರ್ಹತೆ ಬಂದರೂ, ಹೆಕ್ಟೇರಿನ 120 ಮರವೂ ಬಿದ್ದಿದ್ದರೆ 22,500 ಹಂಚಿದಾಗ ಮರಕ್ಕೆ ಇನ್ನೂರು ರೂಪಾಯಿಯೂ ಬರುವುದಿಲ್ಲ. ವರ್ಷಕ್ಕೆ ಎಂಬತ್ತು ಕಾಯಿ ಕೊಡುವ, ಇನ್ನೂ ಮೂವತ್ತು ವರ್ಷ ಕೊಡಬಹುದಾಗಿದ್ದ ಮರ ಅದು. ಅದರ ಜಾಗಕ್ಕೆ ಸಸಿ ಇಟ್ಟರೆ ಫಲ ಕಾಣಲು ಎತ್ತರ ತಳಿಗೆ ಆರೇಳು ವರ್ಷ ಬೇಕು. ರಾಗಿ, ಭತ್ತಕ್ಕೆ ಹೊಂದುವ ಹೆಕ್ಟೇರಿನ ಲೆಕ್ಕವನ್ನು ಅಲ್ಲೊಂದು ಇಲ್ಲೊಂದು ಬೀಳುವ ತೆಂಗಿಗೆ ಹೊಂದಿಸುವುದು ಅನ್ಯಾಯ.

ಮರದ ಲೆಕ್ಕದಲ್ಲಿ ಪರಿಹಾರ ಕೊಡಲಾಗದು ಎಂಬ ಮಾತು ನಿಲ್ಲುವುದಿಲ್ಲ. 2018ರ ನವೆಂಬರ್ 16ರಂದು ಗಜ ಚಂಡಮಾರುತ ವೇದಾರಣ್ಯದ ಬಳಿ ದಡ ಮುಟ್ಟಿ ತಂಜಾವೂರು, ಪುದುಕೋಟೆ ಕಡೆಯ ತೆಂಗಿನ ತೋಟಗಳನ್ನು ಮಲಗಿಸಿದಾಗ ತಮಿಳುನಾಡು ಸರ್ಕಾರ ಮರಕ್ಕೆ 600 ರೂಪಾಯಿ, ಕಡಿದು ಸಾಗಿಸಲು 500, ಒಟ್ಟು 1,100 ಕೊಟ್ಟಿತು. ಸಾಲದು ಎಂದು ಅಲ್ಲಿನ ರೈತರು ಹೇಳಿದ್ದು ಸರಿಯೇ, ಆದರೂ ಲೆಕ್ಕದ ದಾರಿ ಸರಿಯಿತ್ತು. ತೆಂಗು ಅಭಿವೃದ್ಧಿ ಮಂಡಳಿ 2009ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ತೆಂಗು ವಿಮೆಯೂ ಮರವನ್ನೇ ಎಣಿಸುತ್ತದೆ. ಆ ಯೋಜನೆಯಲ್ಲಿ 4ರಿಂದ 15 ವರ್ಷದ ಮರಕ್ಕೆ 900 ರೂಪಾಯಿ, 16ರಿಂದ 60 ವರ್ಷದ ಮರಕ್ಕೆ 1,750 ರೂಪಾಯಿ ವಿಮಾ ಮೊತ್ತ. ದೊಡ್ಡ ಮರದ 14 ರೂಪಾಯಿ ಕಂತಿನಲ್ಲಿ ಅರ್ಧ ಮಂಡಳಿಯದು, ಕಾಲು ರಾಜ್ಯದ್ದು, ರೈತನ ಪಾಲು ಮೂರೂವರೆ ರೂಪಾಯಿ. ಬಿರುಗಾಳಿಯೂ ಅದರಲ್ಲಿ ಸೇರಿದೆ. ಈ ಮೊತ್ತವನ್ನು ಇಂದಿನ ಕೊಬ್ಬರಿ ಬೆಲೆಗೆ ತಕ್ಕಂತೆ ಏರಿಸಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಪ್ರತಿ ತೋಟಕ್ಕೂ ತಲುಪಿಸುವುದು ಶಾಸಕರು, ಸಂಸದರು ಹಿಡಿದು ಮಾಡಿಸಬೇಕಾದ ಕೆಲಸ.

ರೈತರ ಕೈಯಲ್ಲೇ ಇರುವ ಕೆಲಸವೂ ಒಂದಿದೆ. ಗಾಳಿ ಬೀಸಿದ ಮರುದಿನ, ಮರ ಕೊಯ್ಯುವ ಮಿಷನ್ ತೋಟಕ್ಕೆ ಬರುವ ಮೊದಲು, ಬಿದ್ದ ಪ್ರತಿ ಮರದ ಬುಡದಲ್ಲಿ ನಿಂತು ತಲೆ ಬಿದ್ದ ಕಡೆಗೆ ಮೊಬೈಲ್ ಹಿಡಿದು ದಿಕ್ಸೂಚಿಯಲ್ಲಿ ದಿಕ್ಕು ನೋಡಿ ಬರೆದುಕೊಳ್ಳಬೇಕು. ಬುಡ ಸಮೇತ ಬಿತ್ತೋ, ನಡುವೆ ಮುರಿಯಿತೋ, ಎಷ್ಟು ಅಡಿ ಎತ್ತರದಲ್ಲಿ ಮುರಿಯಿತು, ಮರಕ್ಕೆ ಎಷ್ಟು ವರ್ಷ, ಗಾಳಿ ಎಷ್ಟು ಗಂಟೆಗೆ ಬಂತು, ಆಲಿಕಲ್ಲು ಇತ್ತೋ ಇಲ್ಲವೋ, ಇಷ್ಟು ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಜಾಗದ ಗುರುತು ಫೋಟೊದಲ್ಲೇ ದಾಖಲಾಗುತ್ತದೆ. ಒಂದು ತೋಟದ ಹಾಳೆಯಿಂದ ಏನೂ ತಿಳಿಯುವುದಿಲ್ಲ. ಹತ್ತು ಊರಿನ ಹಾಳೆಗಳನ್ನು ಒಂದು ನಕ್ಷೆಯ ಮೇಲೆ ಇಟ್ಟರೆ ಗಾಳಿ ಎಲ್ಲಿ ನೆಲಕ್ಕೆ ಬಡಿಯಿತು, ಯಾವ ಕಡೆ ಹರಡಿತು, ಎಷ್ಟಗಲ ಇತ್ತು ಎಂಬುದು ಕಾಣುತ್ತದೆ. ಹೋಬಳಿಯ ಮಾಪಕ ಸಾಧಾರಣ ಗಾಳಿ ಎಂದ ದಿನ ಇಲ್ಲಿ ಮರ ಮುರಿಯುವ ಗಾಳಿ ಬೀಸಿತ್ತು ಎಂದು ಎದುರಿಗೆ ಇಟ್ಟು ವಾದಿಸಬಹುದು. ನಾಲ್ಕೈದು ವರ್ಷದ ನಕ್ಷೆ ಕೂಡಿದರೆ ಯಾವ ಬಯಲು, ಯಾವ ಕಣಿವೆಯ ಬಾಯಿ ಪದೇ ಪದೇ ಪೆಟ್ಟು ತಿನ್ನುತ್ತದೆ ಎಂಬುದೂ ತಿಳಿಯುತ್ತದೆ. ಬದುವಿನಲ್ಲಿ ಹೊಂಗೆ, ಬೇವಿನ ಗಾಳಿತಡೆ ಎಬ್ಬಿಸುವುದು ಮೊದಲು ಅಲ್ಲಿ.

ತಿಪಟೂರಿನ ಕೋನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ತೋಟಗಾರಿಕೆ ಇಲಾಖೆಯ ಕಚೇರಿ ಪ್ರತಿ ತಾಲ್ಲೂಕಿನಲ್ಲೂ ಇದೆ, ಊರೂರಲ್ಲಿ ಹೈಸ್ಕೂಲು ಮಕ್ಕಳಿದ್ದಾರೆ. ಹಾಳೆ ಕೂಡಿಸಿ ನಕ್ಷೆ ಮಾಡಲು ಹೊಸ ಕಚೇರಿ ಬೇಕಿಲ್ಲ. ಮಹಜರಿನ ನಮೂನೆಯಲ್ಲಿ ದಿಕ್ಕಿಗೆ ಒಂದು ಕಾಲಂ ಸೇರಿಸಬೇಕು. ನಿಂತೇ ಸುಳಿ ಕೊಳೆತ ಮರಗಳನ್ನು ಎಣಿಸಲು ಎರಡು ತಿಂಗಳ ಬಳಿಕ, ಆರಿದ್ರಾ ಪುನರ್ವಸು ಮಳೆಗಳ ಹೊತ್ತಿಗೆ, ಗ್ರಾಮ ಆಡಳಿತಾಧಿಕಾರಿ ಅದೇ ತೋಟಗಳಿಗೆ ಇನ್ನೊಮ್ಮೆ ಬರಬೇಕು.